10ರ ಜಗಳಕ್ಕೆ ಉತ್ತರ ಬೆಂಚ್ ಮೇಲಿದೆ

ದಕ್ಷಿಣ ಆಫ್ರಿಕಾದ ಇಬ್ಬರು ರಗ್ಬಿ ಅಭಿಮಾನಿಗಳನ್ನು ಎದುರು ಬದುರು ಕೂರಿಸಿ, 10ನೇ ನಂಬರ್ ಜೆರ್ಸಿ ಯಾರಿಗೆ ಕೊಡಬೇಕು ಅಂತ ಕೇಳಿ ನೋಡಿ. ಇಬ್ಬರಿಂದ ಮೂರು ಹೆಸರು ಬರುತ್ತವೆ. ಹಾಂದ್ರೆ ಪೊಲಾರ್ಡ್, ಮಾನಿ ಲಿಬ್ಬೊಕ್, ಸಾಶಾ ಫೈನ್‌ಬರ್ಗ್-ಎಂಗೊಮೆಜುಲು. ಅರ್ಧ ಗಂಟೆ ಬಿಟ್ಟು ಬಂದರೆ ಮಾತು ಸೆಂಟರ್‌ಗಳ ಕಡೆ ಹೋಗಿರುತ್ತದೆ, ಆಮೇಲೆ ವಿಂಗ್, ಆಮೇಲೆ ಫುಲ್‌ಬ್ಯಾಕ್. ಜಗಳ ಮಾತ್ರ ಮುಗಿದಿರುವುದಿಲ್ಲ.

ಸೋಲುವ ತಂಡದ ಅಭಿಮಾನಿಗಳು ಹೀಗೆ ಕಿತ್ತಾಡಿದರೆ ಅರ್ಥವಾಗುತ್ತದೆ. ಆದರೆ ಇದು ಸ್ಪ್ರಿಂಗ್‌ಬಾಕ್ ತಂಡ. 1995, 2007, 2019, 2023, ಹೀಗೆ ನಾಲ್ಕು ಸಲ ವಿಶ್ವಕಪ್ ಗೆದ್ದಿದೆ. ಬೇರೆ ಯಾವ ದೇಶವೂ ಅಷ್ಟು ಗೆದ್ದಿಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅರ್ಜೆಂಟೀನಾ ಜೊತೆ ಆಡುವ ರಗ್ಬಿ ಚಾಂಪಿಯನ್‌ಶಿಪ್ ಕೂಡ 2024 ಮತ್ತು 2025, ಎರಡೂ ವರ್ಷ ಇವರದ್ದೇ. ಹೊಟ್ಟೆ ತುಂಬಿದವರ ಜಗಳ ಅಂದುಬಿಡಬಹುದು. ಆದರೂ ಇದು ಸುಮ್ನೆ ಹುಟ್ಟಿದ್ದಲ್ಲ, ಇದರ ಹಿಂದೆ ನಿಜವಾದ ಕಾರಣಗಳಿವೆ. ನನಗೆ ಅನಿಸುವುದು ಏನೆಂದರೆ, ಜನ ಕೇಳುತ್ತಿರುವ ಪ್ರಶ್ನೆಯೇ ಸ್ವಲ್ಪ ವಾರೆಯಾಗಿದೆ. 10ನೇ ಜೆರ್ಸಿ ಯಾರಿಗೆ ಅನ್ನುವುದು 10ನೇ ಜೆರ್ಸಿಯ ಸುತ್ತಲೇ ತೀರ್ಮಾನವಾಗುವುದಿಲ್ಲ. ಬೆಂಚ್ ಮೇಲೆ ಯಾರು, ಎಷ್ಟು ಜನ ಕೂರುತ್ತಾರೆ ಅನ್ನುವುದರ ಮೇಲೆ ತೀರ್ಮಾನವಾಗುತ್ತದೆ.

ಆಟ ಅಷ್ಟಾಗಿ ನೋಡದವರಿಗೆ ಎರಡು ಮಾತು. ರಗ್ಬಿ ಯೂನಿಯನ್‌ನಲ್ಲಿ ಒಂದು ಕಡೆ 15 ಜನ. 1ರಿಂದ 8ರವರೆಗೆ ಫಾರ್ವರ್ಡ್‌ಗಳು. ಸ್ಕ್ರಮ್‌ನಲ್ಲಿ ತಳ್ಳುವವರು, ಲೈನ್‌ಔಟ್‌ನಲ್ಲಿ ಹಾರುವವರು, ಗುದ್ದಾಡಿ ಚೆಂಡು ಕಿತ್ತು ಕೊಡುವವರು. 9ರಿಂದ 15ರವರೆಗೆ ಬ್ಯಾಕ್‌ಗಳು. 9 ಸ್ಕ್ರಮ್-ಹಾಫ್, 10 ಫ್ಲೈ-ಹಾಫ್, 12 ಮತ್ತು 13 ಸೆಂಟರ್, 11 ಮತ್ತು 14 ವಿಂಗ್, 15 ಫುಲ್‌ಬ್ಯಾಕ್. ಫಾರ್ವರ್ಡ್‌ಗಳು ಗೆದ್ದುಕೊಟ್ಟ ಚೆಂಡನ್ನು ಏನು ಮಾಡಬೇಕು ಅಂತ ತೀರ್ಮಾನಿಸುವವರು 10ನೇ ನಂಬರ್. ಓಡಬೇಕೋ, ಪಾಸ್ ಕೊಡಬೇಕೋ, ಒದೆಯಬೇಕೋ. ಯೋಚಿಸಲು ಸಿಗುವುದು ಒಂದು ಕ್ಷಣ, ಅಷ್ಟರೊಳಗೆ ಎದುರಾಳಿ ಮೈಮೇಲೆ ಬಂದಿರುತ್ತಾರೆ.

ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, ಅದಕ್ಕೆ 5 ಅಂಕ, ಅದರ ನಂತರದ ಕನ್ವರ್ಷನ್ ಒದೆತಕ್ಕೆ 2, ಪೆನಾಲ್ಟಿಗೆ 3, ಡ್ರಾಪ್ ಗೋಲ್‌ಗೆ 3. ಈ ಒದೆಯುವ ಕೆಲಸವೂ ಸಾಮಾನ್ಯವಾಗಿ 10ನೇ ನಂಬರಿನ ಮೇಲೇ ಬೀಳುತ್ತದೆ. ಹಾಗೆ ನೋಡಿದರೆ ಫ್ಲೈ-ಹಾಫ್ ಒಬ್ಬ ಮನುಷ್ಯ, ಎರಡು ನೌಕರಿ. ಜಗಳದ ಬೇರು ಇಲ್ಲೇ ಇದೆ.

ಯಾಕೆಂದರೆ ಮೂವರಲ್ಲಿ ಪ್ರತಿಯೊಬ್ಬರೂ ಈ ಎರಡು ನೌಕರಿಗಳನ್ನು ಬೇರೆ ಬೇರೆ ಅಳತೆಯಲ್ಲಿ ಮಾಡುತ್ತಾರೆ. ಪೊಲಾರ್ಡ್ 2014ರಿಂದ ತಂಡದಲ್ಲಿದ್ದಾರೆ. ಟೀ ಅನ್ನುವ ಪುಟ್ಟ ಆಸರೆಯ ಮೇಲೆ ಚೆಂಡಿಟ್ಟು ಹಿಂದೆ ಸರಿದು ನಿಂತರೆ ದೇಶ ಉಸಿರು ಬಿಡುತ್ತದೆ. 2019ರ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ತಂಡದ 32 ಅಂಕಗಳಲ್ಲಿ 22 ಅವರ ಕಾಲಿಂದ ಬಂದವು. ಆದರೆ ಅವರು ಆಡುವಾಗ ಆಟ ಸ್ವಲ್ಪ ನಿಧಾನ, ಸ್ವಲ್ಪ ಮುಂಚೆಯೇ ಗೊತ್ತಾಗುವಂಥದ್ದು ಅನ್ನುವುದು ದೂರು. ಲಿಬ್ಬೊಕ್ ಇದಕ್ಕೆ ಪೂರಾ ಉಲ್ಟಾ. 2023ರ ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ ಒಂದು ಕಡೆ ನೋಡುತ್ತಾ ಇನ್ನೊಂದು ಕಡೆಗೆ ಚೆಂಡು ಒದ್ದು ಕರ್ಟ್-ಲೀ ಅರೆಂಡ್ಸೆ ಕೈಗೆ ಇಟ್ಟರಲ್ಲ, ಅದು ಟ್ರೈ ಆಯಿತು. ಅಂಥದ್ದನ್ನು ಯೋಚಿಸುವವರೇ ಕಡಿಮೆ. ಅದೇ ಲಿಬ್ಬೊಕ್ ಟೀ ಮುಂದೆ ನಿಂತರೆ ಅಭಿಮಾನಿಗಳು ಉಗುರು ಕಚ್ಚುತ್ತಾರೆ. ಸಾಶಾ ಇನ್ನೂ ಚಿಕ್ಕವರು, 2002ರಲ್ಲಿ ಹುಟ್ಟಿದವರು, ದೇಶಕ್ಕೆ ಮೊದಲು ಆಡಿದ್ದು 2024ರ ಜೂನ್‌ನಲ್ಲಿ. ಓಡುತ್ತಾರೆ, ಒದೆಯುತ್ತಾರೆ, ದೂರ ಪಾಸ್ ಎಸೆಯುತ್ತಾರೆ, ಕೆಲವೊಮ್ಮೆ ಮಾಡಬಾರದ್ದನ್ನೂ ಮಾಡುತ್ತಾರೆ.

ಈಗ ಬೆಂಚ್‌ಗೆ ಬರೋಣ. ಪಂದ್ಯದ ದಿನ ಒಂದು ತಂಡಕ್ಕೆ 23 ಜನ. 15 ಜನ ಮೈದಾನದಲ್ಲಿ, 8 ಜನ ಬೆಂಚ್‌ನಲ್ಲಿ. ಈ 8ರಲ್ಲಿ 3 ಜನ ಸ್ಕ್ರಮ್‌ನ ಮುಂದಿನ ಸಾಲಿನವರಾಗಿರಲೇಬೇಕು. ಆ ಜಾಗ ಕತ್ತು ಮುರಿಯುವಷ್ಟು ಅಪಾಯದ್ದು, ಪಳಗದವರನ್ನು ನಿಲ್ಲಿಸುವ ಹಾಗಿಲ್ಲ. ಉಳಿದ 5 ಜಾಗ ಕೋಚ್ ಇಷ್ಟ. ಹಳೇ ಪದ್ಧತಿ ಅಂದರೆ 5 ಫಾರ್ವರ್ಡ್, 3 ಬ್ಯಾಕ್. ದಕ್ಷಿಣ ಆಫ್ರಿಕಾದ ಕೋಚ್ ರಾಸಿ ಎರಾಸ್ಮಸ್ 2019ರಲ್ಲಿ ಇದನ್ನು 6-2 ಮಾಡಿದರು. ಎರಡನೇ ಅರ್ಧದಲ್ಲಿ ಸುಸ್ತಾದ ಎದುರಾಳಿಯ ಮೇಲೆ ತಾಜಾ ದೈತ್ಯರ ಗುಂಪನ್ನೇ ಬಿಡುವುದು. ಅದಕ್ಕೆ 'ಬಾಂಬ್ ಸ್ಕ್ವಾಡ್' ಅಂತ ಹೆಸರು ಬಿತ್ತು. 2023ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಅದು 7-1 ಆಯಿತು. ವಿಲಿ ಲ ರೂ ಕೊನೇ ಗಳಿಗೆಯಲ್ಲಿ ಹೊರಗುಳಿದಾಗ ಅವರ ಜಾಗಕ್ಕೆ ಬ್ಯಾಕ್ ಬದಲು ಫಾರ್ವರ್ಡ್ ಒಬ್ಬರನ್ನು ಹಾಕಿಬಿಟ್ಟರು. 35-7ರಲ್ಲಿ ಗೆದ್ದರು.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು 2023ರ ವಿಶ್ವಕಪ್ ಮತ್ತೆ ನೋಡಿ. ಎಲ್ಲ ಬೇರೆಯಾಗಿ ಕಾಣುತ್ತದೆ.

ಆ ವಿಶ್ವಕಪ್‌ಗೆ ತಂಡ ಪ್ರಕಟಿಸಿದಾಗ ಪೊಲಾರ್ಡ್ ಇರಲಿಲ್ಲ, ಮೀನಖಂಡದ ಗಾಯ. ಲಿಬ್ಬೊಕ್ ಒಬ್ಬರೇ ಅಸಲಿ ಫ್ಲೈ-ಹಾಫ್. ಸೆಪ್ಟೆಂಬರ್ 23ರಂದು ಪ್ಯಾರಿಸ್‌ನಲ್ಲಿ ಐರ್ಲೆಂಡ್ ಎದುರು ಮತ್ತೆ 7-1 ಬೆಂಚ್. ಬೆಂಚ್‌ನಲ್ಲಿದ್ದ ಒಬ್ಬನೇ ಬ್ಯಾಕ್ ಸ್ಕ್ರಮ್-ಹಾಫ್ ಕೋಬಸ್ ರೈನಾಕ್. ಲಿಬ್ಬೊಕ್ ಮತ್ತು ಸ್ಕ್ರಮ್-ಹಾಫ್ ಫಾಫ್ ಡಿ ಕ್ಲರ್ಕ್ ಇಬ್ಬರೂ ಸೇರಿ ಒದೆತಗಳಲ್ಲಿ 11 ಅಂಕ ಕಳೆದರು. ಪಂದ್ಯ ಸೋತಿದ್ದು 13-8ರಲ್ಲಿ. ಎಲ್ಲರೂ ಲಿಬ್ಬೊಕ್ ಮೇಲೆ ಮುಗಿಬಿದ್ದರು. ಆದರೆ ಬೆಂಚ್‌ನಲ್ಲಿ ಇನ್ನೊಬ್ಬ ಒದೆಯುವವನನ್ನು ಕೂರಿಸದೆ ಬಂದವರು ಯಾರು? ಕೋಚ್‌ಗಳೇ ಅಲ್ವಾ. 7-1ಕ್ಕೆ ತೆತ್ತ ಬೆಲೆ ಅದು. ಬಿಲ್ಲು ಮಾತ್ರ ಲಿಬ್ಬೊಕ್ ಹೆಸರಿಗೆ ಬಂತು.

ಅಷ್ಟರಲ್ಲಿ ಹೂಕರ್, ಅಂದರೆ ಸ್ಕ್ರಮ್‌ನ ಮುಂದಿನ ಸಾಲಿನ ನಡುವೆ ನಿಲ್ಲುವ ಮಾಲ್ಕಮ್ ಮಾರ್ಕ್ಸ್ ಅಭ್ಯಾಸದಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು ಮನೆಗೆ ಹೋಗಿದ್ದರು. ಹೂಕರ್ ಜಾಗಕ್ಕೆ ಹೂಕರ್ ಕರೆಸುವುದು ಲೋಕಾರೂಢಿ. ಆಗ ಹೆಡ್ ಕೋಚ್ ಆಗಿದ್ದ ಜಾಕ್ ನೀನಾಬರ್ ಮತ್ತು ರಗ್ಬಿ ನಿರ್ದೇಶಕರಾಗಿದ್ದ ಎರಾಸ್ಮಸ್ ಕರೆಸಿದ್ದು ಪೊಲಾರ್ಡ್‌ರನ್ನು, ಫ್ಲೈ-ಹಾಫ್! ಅಭಿಮಾನಿಗಳು ತಲೆ ಮೇಲೆ ಕೈ ಹೊತ್ತರು. ಹೂಕರ್ ಕೆಲಸಕ್ಕೆ ಡಿಯಾನ್ ಫೌರಿ ಎಂಬ ಹೆಚ್ಚಾಗಿ ಫ್ಲ್ಯಾಂಕರ್ (ಸ್ಕ್ರಮ್‌ನ ಬದಿಯ ಫಾರ್ವರ್ಡ್) ಆಗಿ ಆಡುತ್ತಿದ್ದ 37ರ ಹಿರಿಯರನ್ನೇ ನೆಚ್ಚಿಕೊಂಡರು.

ಅಕ್ಟೋಬರ್ 21, ಇಂಗ್ಲೆಂಡ್ ಎದುರು ಸೆಮಿಫೈನಲ್. ಈ ಸಲ ಬೆಂಚ್ 5-3. ಫಾಫ್, ಪೊಲಾರ್ಡ್, ಲ ರೂ ಮೂವರೂ ಹೊರಗೆ ಕೂತಿದ್ದಾರೆ. ಮಳೆ, ಜಾರುವ ಚೆಂಡು, ಬರೀ ಎತ್ತರದ ಒದೆತಗಳ ಆಟ. ಲಿಬ್ಬೊಕ್ ಕೈಚಳಕಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 31ನೇ ನಿಮಿಷದಲ್ಲಿ ಅವರನ್ನು ಹೊರಕ್ಕೆ ಕರೆದು ಪೊಲಾರ್ಡ್‌ರನ್ನು ಇಳಿಸಿದರು. ಅರ್ಧ ಸಮಯಕ್ಕೂ ಮುಂಚೆ, ಗಾಯವಿಲ್ಲದ ಫ್ಲೈ-ಹಾಫ್‌ನನ್ನು ವಾಪಸ್ ಕರೆಯುವುದು ಕ್ರೂರ ಅಂತಲೇ ಅನಿಸಿತ್ತು ನನಗೆ. ಆದರೆ 78ನೇ ನಿಮಿಷಕ್ಕೆ ಸುಮಾರು 49 ಮೀಟರ್ ದೂರದಿಂದ ಪೊಲಾರ್ಡ್ ಪೆನಾಲ್ಟಿ ಒದ್ದರು, ಒಳಗೆ ಹೋಯಿತು. 16-15.

ವಾರದ ನಂತರ ಫೈನಲ್. ಈಗ ಪೊಲಾರ್ಡ್ ಮತ್ತು ಫಾಫ್ ಶುರುವಿಗೇ ಆಡಿದರು, ಬೆಂಚ್ ಮತ್ತೆ 7-1. ಆ ಒಬ್ಬ ಬ್ಯಾಕ್ ವಿಲಿ ಲ ರೂ. ಲಿಬ್ಬೊಕ್ 23ರ ಪಟ್ಟಿಯಲ್ಲೇ ಇರಲಿಲ್ಲ. ಬದಲಿ ಸ್ಕ್ರಮ್-ಹಾಫ್ ಕೂಡ ಇಲ್ಲ. ಹೂಕರ್ ಬೊಂಗಿ ಎಂಬೊನಾಂಬಿ ಶುರುವಿನ ನಿಮಿಷಗಳಲ್ಲೇ ಗಾಯಗೊಂಡು ಹೋದರು, ಫೌರಿ ಹೆಚ್ಚುಕಡಿಮೆ ಇಡೀ ಪಂದ್ಯ ಆ ಜಾಗದಲ್ಲಿ ನಿಂತರು. ದಕ್ಷಿಣ ಆಫ್ರಿಕಾ ಒಂದೂ ಟ್ರೈ ಹೊಡೆಯಲಿಲ್ಲ. ಪೊಲಾರ್ಡ್ ಒದ್ದ ನಾಲ್ಕು ಪೆನಾಲ್ಟಿ, 12 ಅಂಕ. ನ್ಯೂಜಿಲೆಂಡ್ 11.

ಇಲ್ಲಿ ಗಮನಿಸಬೇಕಾದ್ದು 'ಪೊಲಾರ್ಡ್ ಲಿಬ್ಬೊಕ್‌ಗಿಂತ ಮೇಲು' ಅನ್ನುವುದನ್ನಲ್ಲ. ಬೆಂಚ್‌ನಲ್ಲಿ ಮೂರು ಬ್ಯಾಕ್ ಇದ್ದಾಗ ಲಿಬ್ಬೊಕ್‌ರಿಂದ ಶುರು ಮಾಡುವ ಧೈರ್ಯ ಬರುತ್ತದೆ, ಯಾಕೆಂದರೆ ಕೆಟ್ಟರೆ ಸರಿಪಡಿಸುವವರು ಪಕ್ಕದಲ್ಲೇ ಇದ್ದಾರೆ. ಒಬ್ಬನೇ ಬ್ಯಾಕ್ ಇದ್ದಾಗ 80 ನಿಮಿಷ ನೆಚ್ಚಿಕೊಳ್ಳಬಹುದಾದವರು ಬೇಕು. ಹಾಗಾಗಿ 10ನೇ ನಂಬರ್ ಬದಲಾದದ್ದು ಬರೀ ಆಟಗಾರನ ಫಾರ್ಮ್‌ನಿಂದಲ್ಲ, ಬೆಂಚ್ ಬದಲಾದದ್ದರಿಂದಲೂ.

ಹಳೇ ಕಥೆ ಕೆದಕಿದರೆ ಇದಕ್ಕೆ ಇನ್ನೂ ಸಾಕ್ಷಿ ಸಿಗುತ್ತದೆ. 2009ರಲ್ಲಿ ಬ್ರಿಟನ್-ಐರ್ಲೆಂಡ್‌ನ ಆಯ್ದ ಆಟಗಾರರ ತಂಡವಾದ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ವಿರುದ್ಧ ಪ್ರಿಟೋರಿಯಾದಲ್ಲಿ ಕೊನೇ ಗಳಿಗೆಗೆ ತಮ್ಮ ಅರ್ಧದಿಂದಲೇ ಪೆನಾಲ್ಟಿ ಒದ್ದು 28-25 ಮಾಡಿ ಸರಣಿ ಗೆಲ್ಲಿಸಿದವರು ಮೊರ್ನೆ ಸ್ಟೇನ್. ಬೆಂಚ್‌ನಿಂದ ಬಂದಿದ್ದರು. 12 ವರ್ಷದ ನಂತರ, 2021ರಲ್ಲಿ, ಅದೇ ಲಯನ್ಸ್ ವಿರುದ್ಧ ಕೇಪ್ ಟೌನ್‌ನಲ್ಲಿ 19-16 ಮಾಡಿದ ಕೊನೇ ಒದೆತವೂ ಸ್ಟೇನ್‌ರದ್ದೇ. ಆಗ ಅವರಿಗೆ 37 ವರ್ಷ. ಮತ್ತೆ ಬೆಂಚ್‌ನಿಂದ. ಆ ದಿನ ಶುರು ಮಾಡಿದ ಫ್ಲೈ-ಹಾಫ್ ಯಾರು ಗೊತ್ತಾ? ಪೊಲಾರ್ಡ್. ಇವತ್ತು 'ಪೊಲಾರ್ಡ್ ಇಲ್ಲದೆ ಆಗಲ್ಲ' ಅನ್ನುವವರು ಅದನ್ನು ಮರೆತಿರುತ್ತಾರೆ.

2023ರ ನಾಕ್‌ಔಟ್ ಪಂದ್ಯಗಳ ಅಂಕ ಸಾಲಾಗಿಟ್ಟು ನೋಡಿ. ಫ್ರಾನ್ಸ್ ವಿರುದ್ಧ 29-28. ಇಂಗ್ಲೆಂಡ್ ವಿರುದ್ಧ 16-15. ನ್ಯೂಜಿಲೆಂಡ್ ವಿರುದ್ಧ 12-11. ಮೂರು ಪಂದ್ಯ, ಮೂರೇ ಅಂಕದ ಅಂತರದಲ್ಲಿ ವಿಶ್ವಕಪ್. ಇಂಥ ನೆನಪಿರುವ ಜನಕ್ಕೆ ಒದೆಯುವವನ ಬಗ್ಗೆ ಭಯ ಇರುವುದು ತಪ್ಪಲ್ಲ. ಆದರೆ ಆ ಕ್ವಾರ್ಟರ್ ಫೈನಲ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಫ್ರಾನ್ಸ್‌ನ ಥಾಮಸ್ ರಾಮೋಸ್ ಕನ್ವರ್ಷನ್ ಒದೆಯಲು ಹೊರಟಾಗ ವಿಂಗ್ ಚೆಸ್ಲಿನ್ ಕೋಲ್ಬಿ ಗೆರೆಯಿಂದ ಬಾಣದಂತೆ ನುಗ್ಗಿ ಚೆಂಡಿಗೆ ಅಡ್ಡ ಬಿದ್ದರು. 2 ಅಂಕ ಉಳಿಯಿತು. ಗೆದ್ದಿದ್ದು 1 ಅಂಕದಿಂದ. ಕೋಲ್ಬಿಯ ಫಾರ್ಮ್ ಅಳೆಯುವ ಯಾವ ಪಟ್ಟಿಯಲ್ಲಿ ಈ ಓಟಕ್ಕೆ ಕಾಲಂ ಇದೆ?

ಹೌದು, ಫಾರ್ಮ್. ಈ ಪದವನ್ನು ನಾವು ಕ್ರಿಕೆಟ್‌ನಿಂದ ತಂದು ಎಲ್ಲ ಆಟಕ್ಕೂ ಅಂಟಿಸುತ್ತೇವೆ. ಕ್ರಿಕೆಟ್‌ನಲ್ಲಿ ಬ್ಯಾಟರ್ ಒಬ್ಬಂಟಿ. ಚೆಂಡು ಬಂತು, ಹೊಡೆದ ಅಥವಾ ಔಟಾದ. ರಗ್ಬಿಯಲ್ಲಿ ಹಾಗಲ್ಲ. ವಿಂಗ್‌ನಲ್ಲಿರುವವರ ಕೈಗೆ ಚೆಂಡು ಬರಬೇಕಾದರೆ ಫಾರ್ವರ್ಡ್‌ಗಳು ಅದನ್ನು ಬೇಗ ಬಿಡಿಸಬೇಕು, 9 ಬೇಗ ಎಸೆಯಬೇಕು, 10 ಸರಿಯಾದ ತೀರ್ಮಾನ ಮಾಡಬೇಕು, 12 ಇಬ್ಬರು ಎದುರಾಳಿಗಳನ್ನು ತನ್ನ ಕಡೆ ಸೆಳೆಯಬೇಕು, 13 ಹೊತ್ತಿಗೆ ಸರಿಯಾಗಿ ಪಾಸ್ ಬಿಡಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ವಿಂಗ್ ಇಡೀ ಮಧ್ಯಾಹ್ನ ಚಳಿಯಲ್ಲಿ ಕೈ ಉಜ್ಜಿಕೊಂಡು ನಿಂತಿರುತ್ತಾರೆ. ಮರುದಿನ ನಾವು 'ಅವನ ಫಾರ್ಮ್ ಹೋಗಿದೆ' ಅನ್ನುತ್ತೇವೆ.

2025ರ ಆಗಸ್ಟ್‌ನ ಎಲ್ಲಿಸ್ ಪಾರ್ಕ್ ಪಂದ್ಯ ಇದಕ್ಕೆ ಒಳ್ಳೇ ಉದಾಹರಣೆ. ಜೊಹಾನೆಸ್‌ಬರ್ಗ್‌ನ ಆ ಮೈದಾನದಲ್ಲಿ ಆಸ್ಟ್ರೇಲಿಯಾ 1963ರ ನಂತರ ಗೆದ್ದಿರಲಿಲ್ಲ. ಲಿಬ್ಬೊಕ್ 10ರಲ್ಲಿ. ಮೊದಲ 20 ನಿಮಿಷ ನೋಡಿದವರು ಇಂಥ ಆಟ ನೋಡಿಲ್ಲ ಅಂದರು, 22-0. ಅಲ್ಲಿಂದ ಮುಂದೆ ಆಸ್ಟ್ರೇಲಿಯಾ 38 ಅಂಕ ಹೊಡೆಯಿತು, ದಕ್ಷಿಣ ಆಫ್ರಿಕಾ ಸೊನ್ನೆ. ಮೊದಲ 20 ನಿಮಿಷದ ಲಿಬ್ಬೊಕ್ ಮತ್ತು ಆಮೇಲಿನ ಲಿಬ್ಬೊಕ್ ಒಬ್ಬರೇ ಮನುಷ್ಯ. ಬದಲಾದದ್ದು ಮುಂದಿನವರ ಗುದ್ದಾಟ. ಚೆಂಡು ನಿಧಾನವಾಗಿ ಬರತೊಡಗಿತು, ನೆಲದ ಮೇಲಿನ ಕಿತ್ತಾಟದಲ್ಲಿ ಆಸ್ಟ್ರೇಲಿಯಾ ಮೇಲುಗೈ ಪಡೆಯಿತು, ಅಗಲಕ್ಕೆ ಎಸೆದ ಪಾಸ್ ಎದುರಾಳಿ ಕೈಗೆ ಹೋಗಿ ಟ್ರೈ ಆಯಿತು. ಆಟ ಕೆಟ್ಟಾಗಲೂ ಅಗಲಕ್ಕೇ ಎಸೆಯುತ್ತಿದ್ದದ್ದು 10ರ ತಪ್ಪೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ಪೂರ್ತಿ ತಪ್ಪು ಅವರದ್ದಲ್ಲ.

ಮುಂದಿನ ವಾರ ಕೇಪ್ ಟೌನ್‌ನಲ್ಲಿ ಪೊಲಾರ್ಡ್ ಆಡಿದರು, 30-22 ಗೆಲುವು. ನೋಡಿ, ಪೊಲಾರ್ಡೇ ಬೇಕು ಅಂದರು. ಸೆಪ್ಟೆಂಬರ್ 6ರಂದು ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲೂ ಪೊಲಾರ್ಡ್, 24-17 ಸೋಲು. ನ್ಯೂಜಿಲೆಂಡ್ 1994ರಿಂದ ಅಲ್ಲಿ ಸೋತೇ ಇಲ್ಲ ಅನ್ನುವುದು ಬೇರೆ ಮಾತು, ಆದರೂ 'ಪೊಲಾರ್ಡ್ ಕಾಲ ಮುಗಿಯಿತು' ಅಂದರು. ಒಂದು ವಾರ ಬಿಟ್ಟು ವೆಲಿಂಗ್ಟನ್. ಸಾಶಾ 10ರಲ್ಲಿ, ಡೇಮಿಯನ್ ವಿಲೆಮ್ಸೆ 12ರಲ್ಲಿ, ಕೇನನ್ ಮೂಡಿ 13ರಲ್ಲಿ, ವಿಂಗ್‌ನಲ್ಲಿ ಹೊಸ ಹುಡುಗ ಈಥನ್ ಹೂಕರ್. ಹೆಸರು ಹೂಕರ್, ಕ್ಲಬ್‌ನಲ್ಲಿ ಆಡುವುದು ಸೆಂಟರ್, ಇಲ್ಲಿ ವಿಂಗ್. ಕಾಮೆಂಟರಿ ಹೇಳುವವರ ಪಾಡು ದೇವರಿಗೇ ಪ್ರೀತಿ. ಫುಲ್‌ಬ್ಯಾಕ್ ಬೇಗನೆ ಗಾಯಗೊಂಡು ಹೊರಹೋಗಿ, ಬ್ಯಾಕ್‌ಗಳೆಲ್ಲ ಜಾಗ ಅದಲು ಬದಲು ಮಾಡಿಕೊಳ್ಳಬೇಕಾಯಿತು. ಅರ್ಧ ಸಮಯಕ್ಕೆ ನ್ಯೂಜಿಲೆಂಡ್ 10-7 ಮುಂದೆ. ಪಂದ್ಯ ಮುಗಿದಾಗ 43-10. ಎರಡನೇ ಅರ್ಧದಲ್ಲಿ 36 ಅಂಕ, ಎದುರಿನವರದು ಸೊನ್ನೆ. ನ್ಯೂಜಿಲೆಂಡ್ ಇತಿಹಾಸದಲ್ಲೇ ಅತಿ ದೊಡ್ಡ ಸೋಲು ಅದು.

ಒಂದು ತಿಂಗಳೊಳಗೆ ಅಭಿಮಾನಿಗಳ ತೀರ್ಪು ಮೂರು ಸಲ ತಿರುಗಿತು. ಇಷ್ಟು ಬೇಗ ಮೂವರು ಒಳ್ಳೇ ಆಟಗಾರರ ಫಾರ್ಮ್ ಹೋಗಿ ಬರಲು ಸಾಧ್ಯವಾ? ನಾನಂತೂ ನಂಬುವುದಿಲ್ಲ. ವೆಲಿಂಗ್ಟನ್‌ನ ಎರಡನೇ ಅರ್ಧದಲ್ಲಿ ಸ್ಕ್ರಮ್ ನ್ಯೂಜಿಲೆಂಡನ್ನು ಹಿಂದಕ್ಕೆ ತಳ್ಳಿದ ರೀತಿಯನ್ನು ಒಮ್ಮೆ ನೋಡಿ, ಆಮೇಲೆ ಬ್ಯಾಕ್‌ಗಳನ್ನು ಹೊಗಳಿ. ಹೊಗಳಿಕೆ ತಪ್ಪಲ್ಲ, ಆದರೆ ಅದರಲ್ಲಿ ಮುಂದಿನ ಎಂಟು ಜನರಿಗೂ ಪಾಲಿದೆ.

ಕಣ್ಣಿಗೆ ಬೀಳದ ಕೆಲಸದ ಮಾತು ಬಂದಾಗ ಜೆಸ್ಸಿ ಕ್ರೀಲ್ ನೆನಪಾಗುತ್ತಾರೆ. 13ನೇ ನಂಬರ್. 'ಪಾಸ್ ಕೊಡಲು ಬರಲ್ಲ', 'ಏನೂ ಮಾಡಲ್ಲ' ಅನ್ನುವ ಮಾತು ವರ್ಷಗಟ್ಟಲೆ ಕೇಳಿದ್ದೇವೆ. ಆದರೆ ದಕ್ಷಿಣ ಆಫ್ರಿಕಾದ ರಕ್ಷಣೆ ನಡೆಯುವ ರೀತಿ ಬೇರೆ. ಸಾಲಿನ ಹೊರತುದಿಯವರು ಒಳಗಿನವರಿಗಿಂತ ಮುಂದಕ್ಕೆ ನುಗ್ಗಿ, ಚೆಂಡು ಅಗಲಕ್ಕೆ ಹೋಗದ ಹಾಗೆ ಬಾಗಿಲು ಮುಚ್ಚುತ್ತಾರೆ. ಯಾವಾಗ ನುಗ್ಗಬೇಕು, ಯಾವಾಗ ನಿಲ್ಲಬೇಕು ಅಂತ ಓದುವವರು 13. ಅರ್ಧ ಹೆಜ್ಜೆ ತಪ್ಪಿದರೆ ಹಿಂದೆ ಬರೀ ಬಯಲು. ಕ್ರೀಲ್ ಆ ಹೆಜ್ಜೆ ತಪ್ಪುವುದು ಅಪರೂಪ. ಆಗದೇ ಹೋದ ಟ್ರೈಯನ್ನು ಟಿವಿ ಮತ್ತೆ ಮತ್ತೆ ತೋರಿಸುವುದಿಲ್ಲ, ಹಾಗಾಗಿ ಕ್ರೀಲ್ ಕೆಲಸ ಕೋಚ್‌ಗಳಿಗೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಪಕ್ಕದ 12ರಲ್ಲಿ ಡೇಮಿಯನ್ ಡಿ ಅಲೆಂಡೆ ಗೋಡೆಗೆ ಗುದ್ದುವ ಹಾಗೆ ಎದುರಾಳಿಗೆ ಗುದ್ದಿ ಎರಡು ಮೀಟರ್ ಗಳಿಸುತ್ತಾರೆ. ಅದೂ ಸುಂದರ ಕೆಲಸವಲ್ಲ. ಆದರೆ ಆ ಎರಡು ಮೀಟರ್‌ನಿಂದಲೇ ಮುಂದಿನ ಚೆಂಡು ವೇಗವಾಗಿ ಬರುವುದು.

ವಿಂಗ್ ಜಾಗದಲ್ಲೂ ಹೀಗೆ ಒಂದು ಹೊರಗಿನ ಕಾರಣ ಕೆಲಸ ಮಾಡುತ್ತಿದೆ. ಮೊದಲೆಲ್ಲ ಎತ್ತರಕ್ಕೆ ಒದ್ದ ಚೆಂಡನ್ನು ಹಿಡಿಯುವವನ ಮುಂದೆ ಅವನ ತಂಡದವರು ಅಡ್ಡಡ್ಡ ಓಡಿ, ಬೆನ್ನಟ್ಟಿ ಬರುವವರನ್ನು ತಡೆಯುತ್ತಿದ್ದರು. 2024ರ ಕೊನೆಯಿಂದ ರೆಫರಿಗಳು ಇದಕ್ಕೆ ಬಿಗಿಯಾಗಿ ಪೆನಾಲ್ಟಿ ಕೊಡತೊಡಗಿದರು. ಹಾಗಾಗಿ ಗಾಳಿಯಲ್ಲಿ ಹಾರಿ ಚೆಂಡಿಗೆ ಕೈ ಹಾಕುವ ಆಟ ಜಾಸ್ತಿಯಾಗಿದೆ. ಈಥನ್ ಹೂಕರ್, ಮೂಡಿಯಂಥ ಎತ್ತರದವರಿಗೆ ಬೆಲೆ ಬಂದಿದೆ. ಅರೆಂಡ್ಸೆ ವೇಗ ಕಡಿಮೆಯಾಗಿಲ್ಲ, ಮಪಿಂಪಿ ಆಟ ಮರೆತಿಲ್ಲ. ಆಟವೇ ಸ್ವಲ್ಪ ಮೇಲಕ್ಕೆ ಹೋಗಿದೆ, ಅಷ್ಟೇ. ಕೋಲ್ಬಿ ಮಾತ್ರ ಇದಕ್ಕೆ ಹೊರತು. ಆಳು ಕುಳ್ಳ, ನೆಗೆತ ಮಾತ್ರ ಎತ್ತರದವರನ್ನೂ ಮೀರಿಸುವಂಥದ್ದು.

ಫಾರ್ಮ್ ಅಳೆಯುವುದಕ್ಕೆ ಇನ್ನೊಂದು ತೊಡಕಿದೆ. ಇಂಗ್ಲೆಂಡ್, ನ್ಯೂಜಿಲೆಂಡ್‌ಗಳು ಸಾಮಾನ್ಯವಾಗಿ ತಮ್ಮ ದೇಶದಲ್ಲಿ ಆಡುವವರನ್ನೇ ಆರಿಸುತ್ತವೆ. ದಕ್ಷಿಣ ಆಫ್ರಿಕಾ 2018ರಿಂದ ಈ ಕಟ್ಟುಪಾಡು ಸಡಿಲಿಸಿದೆ. ಹೊರದೇಶದಲ್ಲಿ ಆಡಿದರೂ ಸರಿ, ಆಡು ಅಷ್ಟೆ. ಕೋಲ್ಬಿ, ಡಿ ಅಲೆಂಡೆ, ಕ್ರೀಲ್ ಎಲ್ಲ ಜಪಾನ್ ಕ್ಲಬ್‌ಗಳಿಗೆ ಹೋದರು. 2025ರಲ್ಲಿ ಲಿಬ್ಬೊಕ್ ಕೂಡ ಅಲ್ಲಿಗೆ ಹೊರಟರು, ಅದೇ ವರ್ಷ ಪೊಲಾರ್ಡ್ ಇಂಗ್ಲೆಂಡ್‌ನ ಲೆಸ್ಟರ್ ಬಿಟ್ಟು ಪ್ರಿಟೋರಿಯಾದ ಬುಲ್ಸ್‌ಗೆ ವಾಪಸಾದರು. ಹಾಗಾದರೆ ಇವರನ್ನು ಹೋಲಿಸುವುದು ಹೇಗೆ? ಜಪಾನ್‌ನ ಆಟ ವೇಗದ್ದು, ಮೈಗುದ್ದಾಟ ಕಡಿಮೆ. ಇಂಗ್ಲೆಂಡ್‌ನಲ್ಲಿ ಚಳಿಗಾಲದ ಕೆಸರು. ಅಭಿಮಾನಿ ಕ್ಲಬ್ ಪಂದ್ಯದ ಎರಡು ನಿಮಿಷದ ವಿಡಿಯೋ ನೋಡಿ ತೀರ್ಪು ಕೊಡುತ್ತಾನೆ. ಎರಾಸ್ಮಸ್‌ಗೆ ಕ್ಲಬ್ ಫಾರ್ಮ್‌ಗಿಂತ ತಂಡದ ಶಿಬಿರದಲ್ಲಿ ಏನು ನಡೆಯಿತು ಅನ್ನುವುದೇ ಮುಖ್ಯ ಅನ್ನುವುದು ಅವರ ಆಯ್ಕೆಗಳಲ್ಲಿ ಎದ್ದು ಕಾಣುತ್ತದೆ. 2024ರಲ್ಲಿ ಅವರು ಸುಮಾರು 50 ಆಟಗಾರರನ್ನು ಆಡಿಸಿದರು. 'ಕೈಬಿಟ್ಟರು' ಅನ್ನುವ ಪದಕ್ಕೆ ಆ ತಂಡದಲ್ಲಿ ಅರ್ಥವೇ ಉಳಿದಿಲ್ಲ. ಈ ವಾರ ಇಲ್ಲದವರು ಮುಂದಿನ ವಾರ ಇರುತ್ತಾರೆ.

ಊರಿನ ಅಭಿಮಾನವೂ ಸೇರಿಕೊಂಡಿದೆ ಅನ್ನಿ. ಕೇಪ್ ಟೌನ್‌ನವರಿಗೆ ಅಲ್ಲಿನ ಸ್ಟಾರ್ಮರ್ಸ್ ತಂಡದಲ್ಲಿ ಬೆಳೆದ ಸಾಶಾ, ವಿಲೆಮ್ಸೆ ಕಣ್ಮಣಿಗಳು. ಲಿಬ್ಬೊಕ್ ಕೂಡ 2022ರಲ್ಲಿ ಅದೇ ತಂಡಕ್ಕೆ ಲೀಗ್ ಗೆದ್ದುಕೊಟ್ಟವರು. ಪ್ರಿಟೋರಿಯಾದವರಿಗೆ ಒದೆಯುವ ಫ್ಲೈ-ಹಾಫ್ ಅಂದರೆ ಮನೆದೇವರು. ಅಲ್ಲಿನ ಹಳೇ ಫ್ಲೈ-ಹಾಫ್ ನಾಸ್ ಬೋಥಾ ಕಾಲದಿಂದಲೂ ಹಾಗೆ. ಇದು ತಮಾಷೆಯ ಪಾಲು. ತಮಾಷೆಯಲ್ಲದ ಪಾಲೂ ಇದೆ. ವರ್ಣಭೇದದ ಕಾಲದಲ್ಲಿ ಸ್ಪ್ರಿಂಗ್‌ಬಾಕ್ ಜೆರ್ಸಿ ಬಿಳಿಯರ ಸ್ವತ್ತಾಗಿತ್ತು. 1995ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲೂ ಬಿಳಿಯನಲ್ಲದ ಆಟಗಾರ ಚೆಸ್ಟರ್ ವಿಲಿಯಮ್ಸ್ ಒಬ್ಬರೇ. 2018ರಲ್ಲಿ ಸಿಯಾ ಕೊಲಿಸಿ ಟೆಸ್ಟ್ (ರಗ್ಬಿಯಲ್ಲಿ ದೇಶ-ದೇಶಗಳ ನಡುವಿನ ಪಂದ್ಯ) ನಾಯಕರಾದ ಮೊದಲ ಕಪ್ಪು ಆಟಗಾರ. 2019ರ ಫೈನಲ್‌ನಲ್ಲಿ ಮಕಜೋಲೆ ಮಪಿಂಪಿ ಹೊಡೆದದ್ದು ವಿಶ್ವಕಪ್ ಫೈನಲ್‌ಗಳಲ್ಲಿ ದಕ್ಷಿಣ ಆಫ್ರಿಕಾದ ಮೊದಲ ಟ್ರೈ. ಹಾಗಾಗಿ ಅಲ್ಲಿ ಯಾರಾದರೂ 'ಅರ್ಹತೆ ನೋಡಿ ಆರಿಸಿ' ಅಂದರೆ, ಕೇಳುವವರ ಕಿವಿಗೆ ಬೇರೆ ಬೇರೆ ಅರ್ಥ ಬೀಳುತ್ತದೆ. ಲಿಬ್ಬೊಕ್ ಮೇಲೆ ಬಿದ್ದ ಟೀಕೆಯಲ್ಲಿ ಎಷ್ಟು ಪಾಲು ಒದೆತದ ಬಗ್ಗೆ, ಎಷ್ಟು ಬೇರೆಯದರ ಬಗ್ಗೆ ಅಂತ ತಕ್ಕಡಿ ಹಿಡಿದು ಹೇಳುವುದು ಕಷ್ಟ. 2024ರಲ್ಲಿ ಅರ್ಜೆಂಟೀನಾ ವಿರುದ್ಧ 29-28ರಲ್ಲಿ ಸೋತ ಪಂದ್ಯದ ಕೊನೆಯಲ್ಲಿ ಅವರ ಪೆನಾಲ್ಟಿ ತಪ್ಪಿದ್ದಂತೂ ನಿಜ.

ಮತ್ತೆ ಬೆಂಚ್‌ಗೆ ವಾಪಸ್. 6-2 ಅಥವಾ 7-1 ಆಡಬೇಕು ಅಂದರೆ ಒಬ್ಬ ಬ್ಯಾಕ್ ಮೂರು ಜಾಗ ಆಡಬಲ್ಲವನಾಗಿರಬೇಕು. ವಿಲೆಮ್ಸೆ 10, 12, 15 ಮೂರೂ ಆಡುತ್ತಾರೆ. ಯಾವುದರಲ್ಲೂ ದೇಶದ ನಂಬರ್ ಒನ್ ಅಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಆದರೆ 23ರ ಪಟ್ಟಿಯಲ್ಲಿ ಅವರು ಒಬ್ಬರೇ ಎರಡು ಜಾಗ ಉಳಿಸುತ್ತಾರೆ. ಮೂಡಿ ಸೆಂಟರ್ ಮತ್ತು ವಿಂಗ್. ಸಾಶಾ 10, 12, 15. 2025ರಲ್ಲಿ ಎರಾಸ್ಮಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಂಡ್ರೆ ಎಸ್ಟರ್‌ಹೈಜನ್ ಎಂಬ ದೈತ್ಯ ಸೆಂಟರ್‌ನನ್ನು ಫ್ಲ್ಯಾಂಕರ್ ಆಗಿಯೂ ಆಡಿಸಿದರು. ಫಾರ್ವರ್ಡೂ ಹೌದು, ಬ್ಯಾಕೂ ಹೌದು. ಇಂಥ ಒಬ್ಬರು ಬೆಂಚ್‌ನಲ್ಲಿದ್ದರೆ 6-2 ಅನ್ನುವುದು ಬೇಕಾದಾಗ 5-3 ಆಗುತ್ತದೆ. ಆ ವರ್ಷದ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಫಾರ್ವರ್ಡ್ ಲೂಡ್ ಡಿ ಯಾಗರ್‌ಗೆ ರೆಡ್ ಕಾರ್ಡ್ ಸಿಕ್ಕಿ 14 ಜನ ಉಳಿದಾಗ ಈ ಲೆಕ್ಕದ ಬೆಲೆ ಗೊತ್ತಾಯಿತು. ನಾಯಕ ಕೊಲಿಸಿಯ 100ನೇ ಟೆಸ್ಟ್ ಅದು, ಆದರೂ ಎರಾಸ್ಮಸ್ ಹಿಂದೆ ಮುಂದೆ ನೋಡದೆ ಅವರನ್ನೂ ಅರ್ಧ ಸಮಯಕ್ಕೆ ಕೂರಿಸಿದರು. ಎಸ್ಟರ್‌ಹೈಜನ್ ಬೆಂಚ್‌ನಿಂದ ಬಂದು ಟ್ರೈ ಹೊಡೆದರು. ಫ್ರಾನ್ಸ್ ವಿರುದ್ಧ 32-17.

ಈ ಹಿನ್ನೆಲೆಯಲ್ಲಿ ಸಾಶಾ ಯಾಕೆ ಮುಂದೆ ಬಂದರು ಅನ್ನುವುದು ನೋಡಬೇಕು. ಡರ್ಬನ್‌ನಲ್ಲಿ 2025ರ ಸೆಪ್ಟೆಂಬರ್ 27ರಂದು ಅರ್ಜೆಂಟೀನಾ ವಿರುದ್ಧ ಅವರು ಒಬ್ಬರೇ 37 ಅಂಕ ಗಳಿಸಿದರು. ಮೂರು ಟ್ರೈ, ಎಂಟು ಕನ್ವರ್ಷನ್, ಎರಡು ಪೆನಾಲ್ಟಿ. ಒಂದೇ ಪಂದ್ಯದಲ್ಲಿ ದೇಶಕ್ಕಾಗಿ 2007ರಲ್ಲಿ ಪರ್ಸಿ ಮಾಂಟ್‌ಗೊಮೆರಿ ಮಾಡಿದ್ದ 35 ಅಂಕದ ದಾಖಲೆ ಮುರಿಯಿತು. ಪಂದ್ಯ 67-30. ಜಗಳ ಮುಗಿಯಿತು ಅಂದರು ಎಲ್ಲರೂ. ಸರಿಯಾಗಿ ಒಂದು ವಾರಕ್ಕೆ ಲಂಡನ್‌ನಲ್ಲಿ ಅದೇ ಅರ್ಜೆಂಟೀನಾ, ಅದೇ 10ನೇ ನಂಬರ್, 29-27. ಕೂದಲೆಳೆಯಲ್ಲಿ ಪಾರಾಗಿ ರಗ್ಬಿ ಚಾಂಪಿಯನ್‌ಶಿಪ್ ಕಪ್ ಎತ್ತಿದರು.

ನನ್ನ ಪ್ರಕಾರ 37 ಅಂಕ ಅವರ ಪರವಾಗಿರುವ ದೊಡ್ಡ ವಾದವಲ್ಲ. ದೊಡ್ಡ ವಾದ ಬೇರೆ. ಸಾಶಾ 10ರಲ್ಲಿ ಶುರು ಮಾಡಿದರೆ, ಲಿಬ್ಬೊಕ್ ಒಳಗೆ ಬಂದಾಗ ಅವರು ಹೊರಗೆ ಹೋಗಬೇಕಿಲ್ಲ, 12ಕ್ಕೋ 15ಕ್ಕೋ ಸರಿದರೆ ಸಾಕು. ಎರಾಸ್ಮಸ್ ಇದನ್ನು ಮಾಡಿಯೂ ನೋಡಿದ್ದಾರೆ. ಇಬ್ಬರೂ ಒಟ್ಟಿಗೆ ಮೈದಾನದಲ್ಲಿದ್ದರೆ ಎದುರಾಳಿ ಯಾರನ್ನು ಕಾಯಬೇಕು ಅಂತ ತಲೆ ಕೆಡಿಸಿಕೊಳ್ಳಬೇಕು. 2024ರಲ್ಲಿ ನ್ಯೂಜಿಲೆಂಡ್‌ನಿಂದ ಬಂದ ದಾಳಿ ಕೋಚ್ ಟೋನಿ ಬ್ರೌನ್, ಸ್ವತಃ ಹಳೇ ಫ್ಲೈ-ಹಾಫ್, ಕಟ್ಟುತ್ತಿರುವ ಆಟಕ್ಕೆ ಹೀಗೆ ಇಬ್ಬರು ಆಡಿಸುವವರು ಒಟ್ಟಿಗೆ ಇರುವುದು ಚೆನ್ನಾಗಿ ಹೊಂದುತ್ತದೆ. ಪೊಲಾರ್ಡ್ ಜೊತೆ ಈ ಅನುಕೂಲ ಕಡಿಮೆ. ಅವರು ಆಡಿದರೆ ಹೆಚ್ಚಾಗಿ 10ರಲ್ಲೇ ಆಡಬೇಕು. ಹಾಗಾಗಿ ಅವರು ಬೆಂಚ್‌ನಲ್ಲಿ ಕೂತರೆ ಒಂದು ಜಾಗ ಒಂದೇ ಕೆಲಸಕ್ಕೆ ಮೀಸಲಾಗುತ್ತದೆ, 7-1 ಕೈಬಿಡಬೇಕಾಗುತ್ತದೆ. ಆ ಒಂದೇ ಕೆಲಸ 78ನೇ ನಿಮಿಷದ 49 ಮೀಟರ್ ಒದೆತ ಆಗಿದ್ದರೆ? ಆಗ ಒಂದು ಫಾರ್ವರ್ಡ್ ಕಡಿಮೆಯಾದರೂ ನಷ್ಟವಿಲ್ಲ ಅನ್ನುತ್ತೇನೆ. ಮಾಮೂಲಿ ಪಂದ್ಯಗಳಿಗೆ ಸಾಶಾ ಮತ್ತು ಲಿಬ್ಬೊಕ್, ನಾಕ್‌ಔಟ್‌ಗೆ ಸಾಶಾ ಮತ್ತು ಪೊಲಾರ್ಡ್. ಬೇರೆಯವರು ಒಪ್ಪಬೇಕಿಲ್ಲ.

ಮುಂದಿನ ವಿಶ್ವಕಪ್ 2027ರ ಅಕ್ಟೋಬರ್ 1ರಂದು ಆಸ್ಟ್ರೇಲಿಯಾದಲ್ಲಿ ಶುರು. 24 ತಂಡಗಳು. ಅಷ್ಟು ಹೊತ್ತಿಗೆ ಸಾಶಾಗೆ 25, ಲಿಬ್ಬೊಕ್‌ಗೆ 30, ಪೊಲಾರ್ಡ್‌ಗೆ 33. ಲಯನ್ಸ್ ವಿರುದ್ಧದ ಎರಡನೇ ಒದೆತದ ದಿನ ಮೊರ್ನೆ ಸ್ಟೇನ್‌ಗೆ ಇದ್ದ ವಯಸ್ಸಿಗಿಂತ ನಾಲ್ಕು ಕಡಿಮೆ.